‘ಆಗಲ್ಲ’ ಅಂತಾದರೂ ಹೇಳಿ

ಮಾನ್ಯ ಸಂಪಾದಕರೇ,

ಕೆಲಸ ಹುಡುಕುವವರಿಗೆ ಬುದ್ಧಿಮಾತು ಹೇಳುವ ಬರಹಗಳು ಪೇಪರ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ಬೆಳಿಗ್ಗೆ ಐದಕ್ಕೆ ಏಳಿ, ಧ್ಯಾನ ಮಾಡಿ, ಹೊಸ ಕೋರ್ಸ್ ಕಲಿಯಿರಿ, ಧೈರ್ಯ ಬಿಡಬೇಡಿ. ಬರೆಯುವವರು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ, ಆದರೆ ಅವರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ ಅಲ್ವಾ? ನನಗೆ ಸಂಬಳ ನಿಂತು 11 ತಿಂಗಳಾಯಿತು.

ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಒಂಬತ್ತು ವರ್ಷ ಇದ್ದೆ. 2023ರ ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ಮೀಟಿಂಗ್ ಅಂತ ಕರೆದು ಹತ್ತು ನಿಮಿಷದಲ್ಲಿ ಮುಗಿಸಿದರು. ಸಂಜೆಯೊಳಗೆ ಲ್ಯಾಪ್‌ಟಾಪ್ ಲಾಕ್. ಮೊದಲ ಕೆಲವು ತಿಂಗಳು ತಪ್ಪೆಲ್ಲ ನನ್ನದೇ ಅಂದುಕೊಂಡಿದ್ದೆ. ಆಮೇಲೆ ಪೇಪರ್‌ನಲ್ಲೇ ಓದಿದೆ, 2024ರ ಮಾರ್ಚ್‌ಗೆ ಮುಗಿದ ಒಂದು ವರ್ಷದಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರಲ್ಲೂ ಸೇರಿ ಸುಮಾರು 64 ಸಾವಿರ ನೌಕರರು ಕಡಿಮೆಯಾಗಿದ್ದಾರೆ ಅಂತ. ಅಮೆರಿಕದಲ್ಲಿ 2022ರ ಶುರುವಿನಲ್ಲಿ ಸೊನ್ನೆ ಹತ್ತಿರ ಇದ್ದ ಬಡ್ಡಿ ದರ 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ಏರಿತ್ತು. ಸಾಲ ದುಬಾರಿಯಾದಾಗ ಅಲ್ಲಿಯ ಕಂಪನಿಗಳು ಹೊಸ ಪ್ರಾಜೆಕ್ಟ್‌ಗಳನ್ನು ಮುಂದಕ್ಕೆ ಹಾಕಿದವು, ಅದರ ಬಿಸಿ ಇಲ್ಲಿ ನಮಗೆ ತಟ್ಟಿತು. ಇದನ್ನೆಲ್ಲ ಓದಿದ ದಿನ ನನಗೆ ಸಮಾಧಾನ ಆಯಿತು ಅಂದರೆ ನಗಬೇಡಿ. ಅವತ್ತು ಊಟ ಸೇರಿತು.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಇಲ್ಲಿಯವರೆಗೆ 312 ಅರ್ಜಿ, 7 ಇಂಟರ್‌ವ್ಯೂ. ‘ಆಗಲ್ಲ’ ಅಂತ ಬಾಯಿ ಬಿಟ್ಟು ಹೇಳಿದವರು ನಾಲ್ಕೇ ಜನ. ಅವರ ಮೇಲೆ ನನಗೆ ಬೇಜಾರಿಲ್ಲ. ಅದರಲ್ಲಿ ಒಬ್ಬ ಎಚ್‌ಆರ್ ಹೆಣ್ಣುಮಗಳು ಸಂಜೆ ತಾನಾಗಿ ಫೋನ್ ಮಾಡಿ, ‘ನೀವು ಚೆನ್ನಾಗೇ ಮಾಡಿದ್ರಿ, ಬಜೆಟ್ ಕಟ್ ಆಗಿ ಆ ಪೊಸಿಷನ್ನೇ ನಿಲ್ಲಿಸಿಬಿಟ್ರು’ ಅಂದಳು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಮಾರನೇ ದಿನವೇ ಇನ್ನೊಂದು ಕಡೆ ಅರ್ಜಿ ಹಾಕಿದೆ. ಇನ್ನೊಂದು ಕಂಪನಿ ಮೂರು ರೌಂಡ್ ಮಾಡಿ, ಹಿಂದಿನ ಮೂರು ತಿಂಗಳ ಪೇಸ್ಲಿಪ್ ಎಲ್ಲ ತರಿಸಿಕೊಂಡು, ‘ತಿಳಿಸ್ತೀವಿ’ ಅಂತ ಹೇಳಿ ಮಾಯವಾಯಿತು, ಮೇಲ್ ಹಾಕಿದರೆ ಉತ್ತರ ಇಲ್ಲ, ಫೋನ್ ಮಾಡಿದರೆ ಎತ್ತಲ್ಲ, ನಾನು ಮಾತ್ರ ನಲವತ್ತು ದಿನ ಸ್ನಾನದ ಮನೆಗೂ ಮೊಬೈಲ್ ಹಿಡಿದುಕೊಂಡು ಹೋಗುತ್ತಿದ್ದೆ. ಆ ನಲವತ್ತು ದಿನ ಬೇರೆ ಎಲ್ಲೂ ಅರ್ಜಿ ಹಾಕಲಿಲ್ಲ. ಅದು ನನ್ನ ದಡ್ಡತನ, ಒಪ್ಪಿಕೊಳ್ಳುತ್ತೇನೆ.

ಅದಾದ ಮೇಲೆ ಮನೆಯಲ್ಲಿ ಕೂರುವುದು ಬಿಟ್ಟೆ. ವಿಜಯನಗರದ ಗ್ರಂಥಾಲಯಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತೇನೆ, ಶಕ್ತಿ ಯೋಜನೆಯ ದಯೆ, ಬಸ್ ಖರ್ಚಿಲ್ಲ. ಹತ್ತರಿಂದ ನಾಲ್ಕು. ನಾಲ್ಕಾದ ಮೇಲೆ ರೆಸ್ಯೂಮ್ ಮುಟ್ಟಲ್ಲ. ಅಲ್ಲಿ ಸುತ್ತ ಕೂತವರೆಲ್ಲ ಕೆಎಎಸ್, ಪಿಡಿಒ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರು. ಪಕ್ಕದ ಸೀಟಿನ ಹುಡುಗಿ 2024ರ ಆಗಸ್ಟ್ 27ರಂದು 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ ಬರೆದವಳು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಎಷ್ಟು ಕೆಟ್ಟದಾಗಿತ್ತು ಅಂದರೆ ಮರುಪರೀಕ್ಷೆ ಅಂತ ಸರ್ಕಾರ ಹೇಳಬೇಕಾಯಿತು. ನನ್ನ ಕಥೆ ಕೇಳಿ ಅವಳು ಹೇಳಿದ್ದು ಇಷ್ಟು: ‘ಅಕ್ಕಾ, ನಿಮಗೆ ಉತ್ತರ ಕೊಡಲ್ಲ, ನಮಗೆ ಪ್ರಶ್ನೆನೇ ಸರಿಯಾಗಿ ಕೊಡಲ್ಲ.’ ಇಬ್ಬರೂ ನಕ್ಕಿದ್ದಕ್ಕೆ ಲೈಬ್ರರಿಯವರು ಗದರಿಸಿದರು.

ಈಗ ದಿನಕ್ಕೆ ಮೂರೇ ಅರ್ಜಿ, ಹಳೆಯ ಸಹೋದ್ಯೋಗಿಗಳಲ್ಲಿ ಒಬ್ಬರಿಗೆ ಒಂದು ಫೋನ್. ಅಷ್ಟಾದರೆ ಅವತ್ತಿನ ಕೆಲಸ ಆಯಿತು ಅಂತ ನೋಟ್‌ಬುಕ್‌ನಲ್ಲಿ ಟಿಕ್ ಹಾಕುತ್ತೇನೆ, ಆ ಕಡೆಯಿಂದ ಏನು ಬಂತು ಅಂತ ನೋಡಲ್ಲ. ಫೋನ್ ಮಾಡೋಕೆ ಮೊದಮೊದಲು ನಾಚಿಕೆ. ಆದರೆ ಏಳು ಇಂಟರ್‌ವ್ಯೂಗಳಲ್ಲಿ ಐದು ಬಂದಿದ್ದು ಯಾರೋ ಒಬ್ಬರು ರೆಫರ್ ಮಾಡಿದ್ದರಿಂದ, 300 ಅರ್ಜಿಗಳಿಂದ ಅಲ್ಲ. ಇನ್ನೊಂದು ಮಾತು: ಕೆಲಸ ಕೊಡಿಸುತ್ತೇವೆ, ದಾಖಲೆ ಪರಿಶೀಲನೆಗೆ 2,500 ರೂಪಾಯಿ ಕಳಿಸಿ ಅಂತ ಮೆಸೇಜ್ ಬಂದರೆ ಕಳಿಸಬೇಡಿ. ನಾನು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ತನಕ ಹೋಗಿದ್ದೆ, ಮನಸ್ಸು ಸೋತಾಗ ಬುದ್ಧಿಯೂ ಮಂಕಾಗುತ್ತೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತಿಪಟೂರಿನಿಂದ ಅಮ್ಮ ದಿನಾ ಫೋನ್ ಮಾಡುತ್ತಾಳೆ. ಮೊದಲು ‘ಏನಾಯ್ತಮ್ಮ?’ ಅಂತ ಕೇಳುತ್ತಿದ್ದವಳು ಈಗ ಬರೀ ಕೊಬ್ಬರಿ ರೇಟಿನ ಸುದ್ದಿ ಹೇಳಿ ಇಡುತ್ತಾಳೆ. ಅವಳಿಗೆ ಗೊತ್ತಿರುವಷ್ಟು ಸೂಕ್ಷ್ಮ ದೊಡ್ಡ ದೊಡ್ಡ ಕಂಪನಿಗಳ ಎಚ್‌ಆರ್ ವಿಭಾಗಕ್ಕೆ ಯಾಕಿಲ್ಲ?

ಕೆಲಸ ಕೊಡಲೇಬೇಕು ಅಂತ ಕೇಳುತ್ತಿಲ್ಲ. ಐಟಿಯಲ್ಲಿ ಕೆಲಸ ಕಡಿಮೆ, ನಿಮಗೂ ಕಷ್ಟ, ಸರಿ. ಇಂಟರ್‌ವ್ಯೂಗೆ ಕರೆದವರಿಗಾದರೂ ಹದಿನೈದು ದಿನದೊಳಗೆ ‘ನಿಮ್ಮನ್ನು ತೆಗೆದುಕೊಳ್ಳುತ್ತಿಲ್ಲ’ ಅಂತ ಒಂದು ಸಾಲು ಕಳಿಸಿ. ಕೈಯಲ್ಲಿ ಟೈಪ್ ಮಾಡಬೇಕಾಗೂ ಇಲ್ಲ, ಸಾಫ್ಟ್‌ವೇರೇ ಕಳಿಸುತ್ತದೆ. ಅದು ಸರಿಯಾಗಿ ಹೋಗುತ್ತಾ ಅಂತ ಟೆಸ್ಟ್ ಮಾಡೋಕೆ ಜನ ಇಲ್ಲ ಅಂದರೆ ಹೇಳಿ, ಬಿಟ್ಟಿಯಾಗಿ ಮಾಡಿಕೊಡುತ್ತೇನೆ. ಸದ್ಯಕ್ಕೆ ಪುರುಸೊತ್ತಾಗಿದ್ದೇನೆ.

– ಒಬ್ಬ ಓದುಗಿ (ಹೆಸರು ಬೇಡ), ಚಂದ್ರಾ ಲೇಔಟ್, ಬೆಂಗಳೂರು