ಬರುವ ತಿಂಗಳಿಂದ ಗಣಿಯ ಹೆಸರಿಲ್ಲದ ಕಲ್ಲಿದ್ದಲು ಮಾರುವುದಿಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಯಾವ ಗಣಿಯ ಮಾಲು ಅನ್ನುವ ಕಾಗದ ಇಲ್ಲದ ಲಾರಿಯನ್ನು ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಡಿಪೋದಲ್ಲಿ ಇಳಿಸಿಕೊಳ್ಳುವುದಿಲ್ಲ. ಗಣಿಯ ಹೆಸರು ನಿಮ್ಮ ಬಿಲ್ಲಿನ ಮೇಲೆಯೇ ಇರುತ್ತದೆ. ದರವೂ ಸ್ವಲ್ಪ ಏರುತ್ತದೆ. ಇಟ್ಟಿಗೆ ಭಟ್ಟಿಯ ಸೀಸನ್ನಿನಲ್ಲೇ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ.

ಆದರೆ ಏರಿದ್ದೆಲ್ಲ ಈ ಕಾಗದದಿಂದ ಅಂತ ದಯವಿಟ್ಟು ಹೇಳಬೇಡಿ. "ಸೆಸ್ ತೆಗೆದರಲ್ಲ, ಇಳಿಸಿ" ಅಂತ ಫೋನ್ ಮಾಡುವವರು ಇನ್ನೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಟನ್ನಿಗೆ 400 ರೂಪಾಯಿ ಸೆಸ್ ಹೋಯಿತು, ನಿಜ. ಅದೇ ದಿನ ಜಿಎಸ್‌ಟಿ 5ರಿಂದ 18 ಪರ್ಸೆಂಟ್ ಆಯಿತಲ್ಲ? ಟನ್ನಿಗೆ 8,000 ರೂಪಾಯಿಯ ಮಾಲಿಗೆ ಮೊದಲು ಸೆಸ್ ಸೇರಿ 800 ತೆರಿಗೆ, ಈಗ 1,440. ಜಿಎಸ್‌ಟಿ ನಂಬರ್ ಇದ್ದವರು ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕ್ರೆಡಿಟ್ ಆಗಿ ಕಳೆದುಕೊಳ್ತೀರಿ. ನಂಬರ್ ಇಲ್ಲದ ಕುಲುಮೆಯವರು ಏನು ಮಾಡಬೇಕು? ಬೈಗುಳ ಮಾತ್ರ ನಮಗೆ.

ಇನ್ನು ಎಲ್ಲರೂ ಕೇಳುವ ಮಾತು: "ಕಾಗದದಿಂದ ಬಾಯ್ಲರ್ ಕಾಯುತ್ತಾ?" ಕಾಯುವುದಿಲ್ಲ, ಒಪ್ಪಿದೆವು. ಉರಿ ಅಳೆಯಲು ಜಿ-1ರಿಂದ ಜಿ-17ರವರೆಗೆ ದರ್ಜೆಗಳಿವೆ. ಅಗೆದವನು ಜೀವಂತ ಮೇಲೆ ಬಂದನಾ ಅಂತ ಯಾವ ದರ್ಜೆಯೂ ಹೇಳುವುದಿಲ್ಲ. ಮೇಘಾಲಯದ ಇಲಿಬಿಲದಂಥ ಗಣಿಗಳನ್ನು ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿತ್ತು. ಆದರೂ 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಕ್ಸಾನ್‌ನ ಗಣಿಯೊಂದಕ್ಕೆ ನೀರು ನುಗ್ಗಿ ಕನಿಷ್ಠ 15 ಜನ ಒಳಗೇ ಸಿಕ್ಕಿಕೊಂಡರು. ಎಷ್ಟು ಜನ ಇಳಿದಿದ್ದರು ಅನ್ನುವ ಲೆಕ್ಕವೂ ಸರಿಯಾಗಿ ಇರಲಿಲ್ಲ. 2025ರ ಜನವರಿಯಲ್ಲಿ ಅಸ್ಸಾಂನ ಉಮ್ರಾಂಗ್ಸೋದಲ್ಲಿ ಮತ್ತೆ ಅದೇ ಕಥೆ, 9 ಜನ. ಇಂಥ ಮಾಲು ಕೈ ಬದಲಾಯಿಸುತ್ತಾ ಬಂದರೆ ಗುರುತಿಸುವುದು ಹೇಗೆ? ನೋಡಿದರೆ ಎಲ್ಲವೂ ಕಪ್ಪೇ.

ಕಾಗದ ಇದ್ದಮಾತ್ರಕ್ಕೆ ಅಪಘಾತ ಆಗುವುದಿಲ್ಲ ಅಂತ ನಾವು ಹೇಳುತ್ತಿಲ್ಲ. 1975ರಲ್ಲಿ ಧನಬಾದ್ ಬಳಿಯ ಚಸ್ನಾಲಾ ಗಣಿಯಲ್ಲಿ 370ಕ್ಕೂ ಹೆಚ್ಚು ಜನ ಸತ್ತರು, ಅದೇನು ಕಳ್ಳಗಣಿಯಲ್ಲ. ಆದರೆ ಕಾನೂನಿನ ಗಣಿಯಲ್ಲಿ ಹಾಜರಿ ಪುಸ್ತಕ ಇರಬೇಕು, ಧನಬಾದ್‌ನ ಗಣಿ ಸುರಕ್ಷತಾ ಇಲಾಖೆಗೆ ಉತ್ತರ ಕೊಡಬೇಕು. ನಾವು ಕೇಳುವುದು ಅಷ್ಟೇ. ಅದಕ್ಕೆ "ಸುರಕ್ಷಿತ ಕಲ್ಲಿದ್ದಲು" ಅಂತ ಮುದ್ರೆ ಒತ್ತಿ ಮಾರುವ ಆಸೆಯೂ ನಮಗಿಲ್ಲ.

ಪಕ್ಕದಲ್ಲಿ ಅಗ್ಗಕ್ಕೆ ಸಿಗುತ್ತೆ ಅಂದವರಿಗೆ, ಸಿಗುತ್ತೆ, ಗೊತ್ತು. ನಮ್ಮ ತೂಕ ಗೊತ್ತಿದ್ದವರು ಇಲ್ಲಿಗೇ ಬರುತ್ತೀರಿ ಅನ್ನುವ ಧೈರ್ಯ ನಮಗಿದೆ. ಉದ್ರಿ ಖಾತೆ ಯಾರದ್ದೂ ಮುಚ್ಚುವುದಿಲ್ಲ. ಕುಲುಮೆಯವರಿಗೆ ಚೀಲದ ಲೆಕ್ಕದಲ್ಲಿ ಕೊಡುವುದೂ ನಿಲ್ಲದು. ಗಣಿಯ ಕಾಗದ ನೋಡಬೇಕಾದರೆ ಗಲ್ಲಾದಲ್ಲಿ ಕೇಳಿ, ಫೈಲ್ ಅಲ್ಲೇ ಇರುತ್ತದೆ.

ಇಂತಿ,
ನಿಮ್ಮ ಕಲ್ಲಿದ್ದಲು ಡಿಪೋದವರು, ಹುಬ್ಬಳ್ಳಿ