ಮದುವೆಗೆ ಫೋಟೋಗ್ರಾಫರ್ ಹುಡುಕುವವರಿಗೆ, ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ

ಮಾನ್ಯ ಸಂಪಾದಕರೇ,

ಮದುವೆ ಮನೆಯಲ್ಲಿ ಫೋಟೋ, ವಿಡಿಯೊದವರ ಕಾಟದ ಬಗ್ಗೆ ನಿಮ್ಮ ಓದುಗರೊಬ್ಬರು ಬರೆದ ಪತ್ರ ಓದಿದೆ. ಮುಹೂರ್ತದಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಕ್ಯಾಮೆರಾದವರ ಬೆನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ, ಆಮೇಲೆ ಆಲ್ಬಮ್ ನೋಡಿದರೆ ಅದು ಯಾರ ಮನೆಯ ಮದುವೆ ಅಂತಲೇ ಗೊತ್ತಾಗಲಿಲ್ಲ ಎಂದು ನೊಂದು ಬರೆದಿದ್ದರು. ನಾನು ಬಾಗಲಕೋಟೆಯ ನವನಗರದಲ್ಲಿದ್ದು ಮದುವೆ ಫೋಟೋ ತೆಗೆಯುವವಳು. ಅವರ ಮಾತು ನಿಜ. ಅದಕ್ಕೆ ಕಾರಣ ಏನು ಅಂತ ಈ ಕಸುಬಿನ ಒಳಗಿನಿಂದ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆ ಬಹಳಷ್ಟು ಸ್ಟುಡಿಯೊಗಳು ಮಾರುವುದು ಪ್ಯಾಕೇಜ್. ಎರಡು ಕ್ಯಾಮೆರಾ, ಒಂದು ಡ್ರೋನ್, ಇಷ್ಟು ಹಾಳೆಯ ಆಲ್ಬಮ್, ಒಂದು ರೀಲ್. ಪಕ್ಕದ ಅಂಗಡಿಯಲ್ಲೂ ಅದೇ ಪಟ್ಟಿ. ಎಲ್ಲರ ಹತ್ತಿರವೂ ಅದೇ ಸಾಮಾನು ಇದ್ದ ಮೇಲೆ ಗಿರಾಕಿ ಕೇಳುವ ಪ್ರಶ್ನೆ ಒಂದೇ: ಎಷ್ಟಕ್ಕೆ ಮಾಡಿಕೊಡ್ತೀರಿ? ಒಬ್ಬರು ರೇಟ್ ಇಳಿಸುತ್ತಾರೆ, ಇನ್ನೊಬ್ಬರು ಇನ್ನೂ ಇಳಿಸುತ್ತಾರೆ. ಇಳಿಸಿದ್ದನ್ನು ತುಂಬಿಕೊಳ್ಳಲು ಒಂದೇ ಮುಹೂರ್ತಕ್ಕೆ ಮೂರು ನಾಲ್ಕು ಮದುವೆ ಹಿಡಿಯುತ್ತಾರೆ. ಮಾತಾಡಿ ಅಡ್ವಾನ್ಸ್ ತೆಗೆದುಕೊಂಡವರು ಒಬ್ಬರು, ಮದುವೆಗೆ ಬರುವವರು ಬೇರೆ ಯಾರೋ ಹುಡುಗರು. ಆ ಹುಡುಗರಿಗೆ ಮನೆಯವರು ಯಾರೂ ಗೊತ್ತಿಲ್ಲ. ಮದುಮಗಳ ಸೋದರಮಾವ ಯಾರು, ಅಜ್ಜಿ ಯಾರು, ಒಂದೂ ತಿಳಿದಿರುವುದಿಲ್ಲ. ಏನಾದರೂ ತಪ್ಪಿಹೋದರೆ ಮಾಲೀಕರು ಬೈತಾರೆ ಅನ್ನೋ ಅಂಜಿಕೆ ಬೇರೆ. ಹಾಗಾಗಿ ಎಲ್ಲರೂ ಮುಂದೆ ನುಗ್ಗುತ್ತಾರೆ, ಫೋನಿನಲ್ಲಿ ನೋಡಿದ ಪೋಸನ್ನೇ ಮಾಡಿಸುತ್ತಾರೆ, ಅಯ್ಯನವರಿಗೆ 'ಸ್ವಲ್ಪ ನಿಲ್ಲಿಸ್ರಿ' ಅಂತಾರೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಹಾಗೆ ದುಡಿಸುವ ವ್ಯವಹಾರದ ಮೇಲೆ ಸಿಟ್ಟಿದೆ.

ನಾನು ಬೇರೆ ದಾರಿ ಹಿಡಿದೆ. ನನ್ನ ಕೈಗೆ ಯಾವ ಥರದ ಫೋಟೋ ಒಲಿಯುತ್ತದೋ ಅದನ್ನೇ ಮುಂದಿಟ್ಟು ವ್ಯವಹಾರ ಕಟ್ಟಿದೆ. ಅದನ್ನು ಮೆಚ್ಚಿದವರು ಬರಲಿ, ಮೆಚ್ಚದವರಿಗೆ ಬೇರೆ ಸ್ಟುಡಿಯೊಗಳಿವೆ ಅಂತ.

ನಾನು ಹುಟ್ಟಿದ್ದು ಗುಳೇದಗುಡ್ಡದಲ್ಲಿ. ನಮ್ಮಪ್ಪ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುತ್ತಿದ್ದರು. ಮಗ್ಗದ ಪಕ್ಕ ಆಡಿಕೊಂಡು ಬೆಳೆದವರಿಗೆ ಬಣ್ಣದ ವಿಷಯ ಯಾರೂ ಕಲಿಸಬೇಕಾಗಿಲ್ಲ. ಖಣದಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುತ್ತದೆ. ಬಟ್ಟೆ ಸ್ವಲ್ಪ ಅಲುಗಿದರೂ ನೇರಳೆ ಅಂತ ಕಂಡದ್ದು ಕೆಂಪಾಗುತ್ತದೆ, ಹಸಿರು ಅಂತ ಕಂಡದ್ದು ನೀಲಿ ಹೊಡೆಯುತ್ತದೆ. ಮೇಲೆ ಸಣ್ಣಸಣ್ಣ ತೇರು, ಆನೆ ಹೆಜ್ಜೆ. ಅದಕ್ಕೆ ಎದುರಿನಿಂದ ನೇರ ಫ್ಲ್ಯಾಶ್ ಹೊಡೆದರೆ ಎಲ್ಲಾ ಸತ್ತುಹೋಗುತ್ತದೆ, ಅಂಗಡಿಯಲ್ಲಿ ಸಿಗುವ ಮಾಮೂಲಿ ಬಟ್ಟೆಯ ಹಾಗೆ ಸಪಾಟಾಗಿ ಕಾಣುತ್ತದೆ. ಅದೇ ಕುಪ್ಪಸ ತೊಟ್ಟ ಹೆಣ್ಣುಮಗಳನ್ನು ಕಿಟಕಿಯ ಪಕ್ಕ, ಬೆಳಕು ಒಂದು ಮಗ್ಗುಲಿನಿಂದ ಬೀಳುವ ಹಾಗೆ ನಿಲ್ಲಿಸಿ ನೋಡಿ. ಒಂದೊಂದು ಎಳೆಯೂ ಎದ್ದು ಬರುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನದ್ದು ಇನ್ನೊಂದು ತೊಂದರೆ. ಬಿಸಿಲಿನಲ್ಲಿ ಕ್ಯಾಮೆರಾ ಆ ಕೆಂಪನ್ನು ತಡೆದುಕೊಳ್ಳುವುದಿಲ್ಲ. ಕೆಂಪೆಲ್ಲ ಒಂದೇ ಮುದ್ದೆಯಾಗಿ, ಅದರಲ್ಲಿ ನೇಯ್ದ ಬಿಳಿ ತೆನೆಗಳ ಚಿತ್ತಾರದ ಅಂಚು ಕರಗಿಹೋಗುತ್ತದೆ. ಅದಕ್ಕೆ ನಾನು ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕು, ಸ್ವಲ್ಪ ಕಡಿಮೆ ಇಟ್ಟು ತೆಗೆದು, ನೆರಳಿನ ಭಾಗವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಎತ್ತಿಕೊಳ್ಳುತ್ತೇನೆ. ನೇಯ್ದವರ ಮನೆಯಲ್ಲಿ ಹುಟ್ಟಿ ಆ ತೆನೆಗಳನ್ನು ಅಳಿಸಿಹಾಕಲು ನನ್ನಿಂದ ಆಗುವುದಿಲ್ಲ.

ಬಣ್ಣದ ಮಾತು ಬಂತು, ಮೈಬಣ್ಣದ ಮಾತನ್ನೂ ಹೇಳಿಬಿಡುತ್ತೇನೆ. 'ಹುಡುಗಿನ್ನ ಸ್ವಲ್ಪ ಬೆಳ್ಳಗೆ ಮಾಡ್ರಿ' ಅಂತ ಕೇಳುವವರು ಈಗಲೂ ಬಹಳ ಜನ. ಹುಡುಗನ ಕಡೆಯವರು ಕೇಳುತ್ತಾರೆ, ಒಮ್ಮೊಮ್ಮೆ ಹುಡುಗಿಯ ತಾಯಿಯೇ ಕೇಳುತ್ತಾರೆ. ಎಡಿಟಿಂಗ್‌ನಲ್ಲಿ ಅದು ಒಂದು ಗುಂಡಿ ಒತ್ತಿದಷ್ಟೇ ಸುಲಭ. ನಾನು ಮಾಡುವುದಿಲ್ಲ, ಮಾತುಕತೆಯ ದಿನವೇ ಹೇಳಿಬಿಡುತ್ತೇನೆ. ಅರಿಶಿಣ ಹಚ್ಚಿದ ಎಣ್ಣೆಗಪ್ಪು ಮುಖಕ್ಕೆ ಇರುವ ಹೊಳಪು ಬಿಳಿ ಬಳಿದ ಮುಖಕ್ಕೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಆಲ್ಬಮ್ ತೆರೆದಾಗಲೆಲ್ಲ ಆ ಹುಡುಗಿಗೆ 'ನಿನ್ನ ಬಣ್ಣ ಸರಿ ಇರಲಿಲ್ಲ' ಅಂತ ಹೇಳಿದ ಹಾಗಾಗುತ್ತದೆ. ಈ ಒಂದು ಮಾತಿಗೆ ನನ್ನ ಕೈಬಿಟ್ಟ ಮನೆಗಳಿವೆ. ಇದೇ ಮಾತಿಗಾಗಿ ನನ್ನನ್ನು ಹುಡುಕಿಕೊಂಡು ಬಂದವರೂ ಇದ್ದಾರೆ, ಅದರಲ್ಲಿ ಮದುಮಕ್ಕಳೇ ಜಾಸ್ತಿ.

ಹೆಣ್ಣು ಅನ್ನುವ ಕಾರಣಕ್ಕೆ ನನಗೆ ಒಳಮನೆಯ ಬಾಗಿಲು ತೆರೆಯುತ್ತದೆ. ನನ್ನ ಕೆಲಸದ ಜೀವ ಇರುವುದು ಅಲ್ಲೇ. ಸುರಗಿ ಸುತ್ತುವುದನ್ನೇ ನೋಡಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವುಗಳ ಕುತ್ತಿಗೆಗೆ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಮುತ್ತೈದೆಯರು ನೀರು ಹಾಕುತ್ತಾರೆ. ಗಂಡಸರು ಕ್ಯಾಮೆರಾ ಹಿಡಿದು ನಿಂತರೆ ಹೆಂಗಸರು ಸೆರಗು ಎಳೆದುಕೊಂಡು ಬಿಗಿಯಾಗಿಬಿಡುತ್ತಾರೆ, ಹಾಡು ಅರ್ಧಕ್ಕೇ ನಿಲ್ಲುತ್ತದೆ. ನಾನು ಮೊದಲ ಹೊತ್ತು ಕ್ಯಾಮೆರಾ ಹೊರಗೇ ತೆಗೆಯುವುದಿಲ್ಲ. ಒಂದು ಕೊಡ ಎತ್ತಿ ಕೊಡುತ್ತೇನೆ, ಯಾರು ಏನಾಗಬೇಕು ಅಂತ ಕೇಳಿಕೊಳ್ಳುತ್ತೇನೆ. ಅಷ್ಟರಲ್ಲಿ ಎಲ್ಲರಿಗೂ ನಾನು 'ಫೋಟೋದ ತಂಗಿ' ಆಗಿರುತ್ತೇನೆ. ಆಮೇಲೆ ಸಣ್ಣ ಮೂವತ್ತೈದು ಎಂ.ಎಂ. ಲೆನ್ಸ್ ಹಾಕಿಕೊಂಡು ಮೂಲೆ ಹಿಡಿದರೆ ಯಾರೂ ನನ್ನ ಕಡೆ ತಿರುಗಿ ನೋಡುವುದಿಲ್ಲ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗಲೂ ಹಾಗೇ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಒಡಪು ಹಾಕಿ, ಅಂದರೆ ಪ್ರಾಸದ ಪದ ಕಟ್ಟಿ, ಗಂಡನ ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಅಂತಾರೆ. ಎಲ್ಲರೂ ಕ್ಯಾಮೆರಾ ಹಿಡಿಯುವುದು ಹೆಸರು ಹೇಳುವ ಹುಡುಗಿಯ ಮೇಲೆ. ನಾನು ಅವಳ ಹಿಂದೆ ನಿಂತ ಗಂಡನನ್ನೂ ಕಾಯುತ್ತೇನೆ. ತನ್ನ ಹೆಸರು ಅವಳ ಬಾಯಲ್ಲಿ ಮೊದಲ ಸಲ ಬರುವಾಗ ಅವನ ಮುಖದಲ್ಲಿ ಆಗುವುದನ್ನು ಯಾವ ಪೋಸೂ ತರುವುದಿಲ್ಲ.

ಅಕ್ಕಿಕಾಳಿನ ಹೊತ್ತು ನಮ್ಮ ಕೆಲಸಕ್ಕೆ ಅತಿ ಕಷ್ಟದ ಹೊತ್ತು. ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ಅದು ನಡು ಮಧ್ಯಾಹ್ನ, ವೈಶಾಖದ ಬಿಸಿಲು ನೆತ್ತಿಯ ಮೇಲೆ. ಹಣೆಗೆ ಬಾಸಿಂಗ ಕಟ್ಟಿರುತ್ತಾರೆ, ಅದರ ನೆರಳು ಕಣ್ಣಿನ ಮೇಲೇ ಬೀಳುತ್ತದೆ. ಮೇಲೆ ಗುಲಾಬಿ ಬಣ್ಣದ ಶಾಮಿಯಾನ ಇದ್ದರೆ ಇಡೀ ಬಳಗದ ಮುಖ ಗುಲಾಬಿ, ಹಸಿರು ಪರದೆ ಇದ್ದರೆ ಎಲ್ಲರಿಗೂ ಕಾಮಾಲೆ ಬಂದ ಹಾಗೆ. ಇದನ್ನು ಸರಿಮಾಡಲು ದುಬಾರಿ ಲೈಟ್ ಬೇಕಾಗಿಲ್ಲ. ಹಂದರ ಹಾಕುವ ದಿನವೇ ಹೋಗಿ, ಮದುಮಕ್ಕಳು ನಿಲ್ಲುವ ಜಾಗದ ಮೇಲೆ ಬಿಳಿ ಬಟ್ಟೆ ಕಟ್ಟಿಸುತ್ತೇನೆ, ಕೆಳಗೆ ಬಿಳಿ ಪಂಚೆ ಹಾಸಿಸುತ್ತೇನೆ. ನೆಲದಿಂದ ಎದ್ದ ಬೆಳಕು ಬಾಸಿಂಗದ ಕೆಳಗೆ ಹೋಗಿ ಕಣ್ಣು ಬೆಳಗುತ್ತದೆ. ನಿಲ್ಲುವ ಜಾಗವನ್ನೂ ಆಗಲೇ ಗೊತ್ತುಮಾಡಿಕೊಳ್ಳುತ್ತೇನೆ. ಅದಕ್ಕೇ ಮುಹೂರ್ತದಲ್ಲಿ ನಾನು ಓಡಾಡುವುದಿಲ್ಲ, ಬಂಧುಗಳಿಗೆ ಅಡ್ಡ ಬರುವುದಿಲ್ಲ. ಪತ್ರ ಬರೆದ ಆ ಓದುಗರಿಗೆ ಇದನ್ನು ತಿಳಿಸಲೇಬೇಕಿತ್ತು.

ಹೀಗೆ ಕೆಲಸ ಮಾಡಿದರೆ ಹೊಟ್ಟೆ ತುಂಬುತ್ತದಾ ಅಂತ ಹೊಸ ಹುಡುಗರು ಕೇಳುತ್ತಾರೆ. ತುಂಬುತ್ತದೆ, ಆದರೆ ಲೆಕ್ಕ ಬೇರೆ. ನಾನು ಒಂದು ದಿನಕ್ಕೆ ಒಂದೇ ಮದುವೆ ಹಿಡಿಯುತ್ತೇನೆ, ನಾನೇ ಹೋಗುತ್ತೇನೆ. ರೇಟ್ ಸ್ವಲ್ಪ ಜಾಸ್ತಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮದುವೆ ಇರುವುದಿಲ್ಲ. ಆ ದಿನಗಳನ್ನು ದಾಟಿಸುವುದು ಹಳೆಯ ಮನೆಗಳೇ. ಮದುವೆಗೆ ಕರೆದವರು ಬಸುರಿಯ ಕುಬುಸಕ್ಕೆ ಕರೆಯುತ್ತಾರೆ, ಆಮೇಲೆ ಕೂಸಿನ ತೊಟ್ಟಿಲಿಗೆ, ಮೊದಲ ಕೂದಲು ತೆಗೆಸುವ ಜವಳಕ್ಕೆ. ಅಷ್ಟರಲ್ಲಿ ನಾದಿನಿಯ ಮದುವೆ ಬಂದಿರುತ್ತದೆ. ಅವರು ಯಾರೂ ರೇಟ್ ಕೇಳುವುದಿಲ್ಲ, ದಿನಾಂಕ ಕೇಳುತ್ತಾರೆ. ಜಾಹೀರಾತಿಗೆ ನಾನು ದುಡ್ಡು ಹಾಕಿಲ್ಲ. ಅಂಗಡಿಗೆ ಬಂದವರಿಗೆ ಆರಿಸಿ ತೆಗೆದ ಚೆಂದದ ಫೋಟೋಗಳನ್ನು ತೋರಿಸುವುದಿಲ್ಲ, ಒಂದು ಇಡೀ ಮದುವೆಯ ಆಲ್ಬಮ್ ಕೈಗೆ ಕೊಟ್ಟು ಚಹಾ ತರಿಸುತ್ತೇನೆ. ನಿಧಾನ ನೋಡಲಿ. ಗಿರಾಕಿಗಳಿಗೂ ನನ್ನ ಸಲಹೆ ಅದೇ: ಯಾವ ಸ್ಟುಡಿಯೊಗೆ ಹೋದರೂ ಒಂದು ಮದುವೆಯನ್ನು ಮೊದಲಿಂದ ಕೊನೆತನಕ ತೋರಿಸಿ ಅಂತ ಕೇಳಿ. ಊಟದ ಪಂಕ್ತಿ ಹೇಗೆ ತೆಗೆದಿದ್ದಾರೆ, ಬೀಗರನ್ನು ಹೇಗೆ ತೆಗೆದಿದ್ದಾರೆ, ಕತ್ತಲೆ ಕೋಣೆಯಲ್ಲಿ ಏನು ಮಾಡಿದ್ದಾರೆ ನೋಡಿ. ಮದುವೆ ದಿನ ಯಾರು ಬರುತ್ತಾರೆ ಅಂತ ಹೆಸರು ಕೇಳಿ ಬರೆಸಿಕೊಳ್ಳಿ.

ಬರೆಸಿಕೊಳ್ಳುವ ವಿಷಯದಲ್ಲಿ ಇನ್ನೊಂದು. ನಾನು ತೆಗೆದ ಒಂದು ಮದುವೆಯ ಫೋಟೋಗಳನ್ನು ಬೇರೆ ಊರಿನ ಸ್ಟುಡಿಯೊ ಒಂದು ತನ್ನದೇ ಕೆಲಸ ಅಂತ ಹಾಕಿಕೊಂಡು ಗಿರಾಕಿ ಹಿಡಿಯುತ್ತಿತ್ತು. ಆ ಮನೆಯ ಮದುಮಗಳಿಗೆ ಆದ ಸಂಕಟ ನನಗಿಂತ ಹೆಚ್ಚು, ಮುಖ ಅವಳದ್ದಲ್ವಾ? ಬಹಳ ಜನಕ್ಕೆ ಗೊತ್ತಿರದ ಮಾತು ಒಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಫೋಟೋ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಅಂದರೆ ನನ್ನದೇ ಕೈಯ ಕೆಲಸವಾದರೂ ಅದನ್ನು ನನ್ನ ಪುಟದಲ್ಲಿ ಹಾಕಬೇಕಾದರೆ ಮನೆಯವರನ್ನು ಕೇಳಬೇಕು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಡುತ್ತೇನೆ: ಯಾವ ದಿನ, ಎಷ್ಟು ಹೊತ್ತು, ಆಲ್ಬಮ್ ಯಾವಾಗ, ಯಾವ ಫೋಟೋ ಹೊರಗೆ ತೋರಿಸಬಹುದು, ಯಾವುದು ಬೇಡ. ಸುರಗಿಯ ಫೋಟೋ ಯಾವತ್ತೂ ಹೊರಗೆ ಹೋಗುವುದಿಲ್ಲ. ಅದು ನನ್ನದೇ ನಿಯಮ.

ಮದುವೆಗೆ ಮುಂಚಿನ ಶೂಟಿಂಗ್ ಬಗ್ಗೆಯೂ ಎರಡು ಮಾತು. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ, ಭೂತನಾಥ ಗುಡಿಯ ಮುಂದೆ ಎಲ್ಲ ಜೋಡಿಗಳದ್ದೂ ಒಂದೇ ಫೋಟೋ. ಬಾಡಿಗೆ ಗೌನು, ಬಣ್ಣದ ಹೊಗೆ. ಅವು ಪುರಾತತ್ವ ಇಲಾಖೆ ಕಾಯುವ ಸ್ಮಾರಕಗಳು, ಟ್ರೈಪಾಡ್ ನಿಲ್ಲಿಸುವುದಕ್ಕೂ ಮೊದಲೇ ಅನುಮತಿ ಬೇಕು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇರುವ ಊರು ಅದು. ಅಂಥ ಕಡೆ ಹೊಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ನಾನು ಜೋಡಿಗಳನ್ನು ಕೇಳುವುದು, ನಿಮ್ಮ ಹಿರಿಯರ ಮನೆ ಎಲ್ಲಿತ್ತು ಅಂತ. ಈ ಊರಲ್ಲಿ ಆ ಪ್ರಶ್ನೆಗೆ ತೂಕ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಈ ನವನಗರ ಹುಟ್ಟಿದ್ದೇ ಅದರಿಂದ. ಒಂದು ಜೋಡಿ ತಮ್ಮ ಅಜ್ಜನನ್ನು ಕರೆದುಕೊಂಡು ಹಿನ್ನೀರಿನ ದಂಡೆಗೆ ಬಂದರು. ಅಜ್ಜ ಕೋಲು ಎತ್ತಿ, ಅಗೋ ಅಲ್ಲಿ ನಮ್ಮ ಮನೆ ಇತ್ತು ಅಂತ ನೀರಿನ ಕಡೆ ತೋರಿಸಿದರು. ಹುಡುಗ ಹುಡುಗಿ ಇಬ್ಬರೂ ಆ ಕಡೆಗೇ ನೋಡುತ್ತಿದ್ದರು. ಆ ಫೋಟೋ ಈಗ ಅವರ ಪಡಸಾಲೆಯಲ್ಲಿ ದೊಡ್ಡದಾಗಿ ಇದೆ. ಗೌನಿನ ಫೋಟೋ ಬೇಕು ಅಂತ ಅವರು ಆಮೇಲೆ ಕೇಳಲೇ ಇಲ್ಲ.

ಹೊಸದಾಗಿ ಕ್ಯಾಮೆರಾ ಹಿಡಿದ ತಮ್ಮಂದಿರಿಗೆ, ತಂಗಿಯರಿಗೆ ಹೇಳುವುದಿಷ್ಟು. ಸಾಲ ಮಾಡಿ ದೊಡ್ಡ ಲೆನ್ಸ್ ತರುವ ಮೊದಲು, ನೀವು ಈವರೆಗೆ ತೆಗೆದದ್ದರಲ್ಲಿ ಯಾರೂ ಹೇಳದೆ ನೀವಾಗಿಯೇ ತೆಗೆದ ಫೋಟೋಗಳನ್ನು ಬೇರೆ ತೆಗೆದಿಡಿ. ಅದರಲ್ಲಿ ಏನು ಮತ್ತೆ ಮತ್ತೆ ಬರುತ್ತದೆ ನೋಡಿ. ಒಬ್ಬರಿಗೆ ಮುದುಕರ ಕೈ, ಒಬ್ಬರಿಗೆ ಹಲಗೆ ಬಾರಿಸುವವರ ಬೆವರು, ಒಬ್ಬರಿಗೆ ಅಡುಗೆ ಮನೆಯ ಹೊಗೆ. ಅದು ನಿಮ್ಮದು, ಅದನ್ನೇ ಬೆಳೆಸಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ಹುಡುಕಿ ನೋಡಿ. 1977ರಲ್ಲಿ ಪದ್ಮಶ್ರೀ ಬಂತು ಅವರಿಗೆ. ಸಾಮಾನ್ಯ ಜನರನ್ನು, ಅವರ ದಿನನಿತ್ಯದ ಬದುಕನ್ನು ಅಷ್ಟು ಪ್ರೀತಿಯಿಂದ ತೆಗೆದವರು ಅಪರೂಪ. ಅವರ ಥರ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ನೋಟ ಅಷ್ಟೊಂದು ಫೋಟೋಗಳಲ್ಲಿ ಹೇಗೆ ಕಾಣುತ್ತದೆ ಅನ್ನೋದನ್ನು ಗಮನಿಸಿ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ, ಸಂಪಾದಕರೇ. ಪುರವಣಿಯಲ್ಲಿ ಮದುವೆ ಹಂಗಾಮಿನ ಲೇಖನಗಳ ಜೊತೆ ಎಲ್ಲಿಂದಲೋ ತಂದ ಉತ್ತರದ ಕಡೆಯ ಮದುಮಕ್ಕಳ ಚಿತ್ರ ಹಾಕುತ್ತೀರಿ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಒಳ್ಳೆಯ ಕೆಲಸ ಮಾಡುವ ಹುಡುಗ ಹುಡುಗಿಯರು ಇದ್ದಾರೆ. ಅವರಿಂದ ಚಿತ್ರ ತರಿಸಿ, ಮನೆಯವರ ಒಪ್ಪಿಗೆ ಕೇಳಿ ಹಾಕಿ, ಕೆಳಗೆ ತೆಗೆದವರ ಹೆಸರು ಮತ್ತು ಊರು ಅಚ್ಚು ಮಾಡಿ. ಗುಳೇದಗುಡ್ಡದಲ್ಲೋ ಸಿಂದಗಿಯಲ್ಲೋ ರಾಮದುರ್ಗದಲ್ಲೋ ಸಣ್ಣ ಅಂಗಡಿ ಇಟ್ಟವರಿಗೆ ಅದರಿಂದ ಬರುವ ಗಿರಾಕಿ ಯಾವ ಜಾಹೀರಾತಿನಿಂದಲೂ ಬರುವುದಿಲ್ಲ. ಮುಂದಿನ ಹಂಗಾಮಿಗೆ ಮೊದಲೇ ಶುರು ಮಾಡಿದರೆ ಚಿತ್ರಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ನಾನೂ ಕೈಜೋಡಿಸುತ್ತೇನೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಮದುವೆ ಛಾಯಾಗ್ರಾಹಕಿ
ನವನಗರ, ಬಾಗಲಕೋಟೆ