ಪಾಸ್‌ಪೋರ್ಟಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟು ವಿಮಾನ ಹತ್ತಬೇಡಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಓದೋದರ ಬಗ್ಗೆ ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಬರೋದನ್ನೆಲ್ಲ ಇಂಜಿನಿಯರಿಂಗ್ ಸೇರಿದಾಗಿಂದ ಕತ್ತರಿಸಿ ಇಟ್ಕೊಂಡು ಬಂದವಳು ನಾನು. ಯಾವ ಪರೀಕ್ಷೆ ಬರೀಬೇಕು, ಎಜುಕೇಶನ್ ಲೋನ್ ಹೇಗೆ ಸಿಗುತ್ತೆ, ವೀಸಾ ಇಂಟರ್‌ವ್ಯೂ ಹೇಗಿರುತ್ತೆ ಎಲ್ಲಾ ಅದ್ರಿಂದಾನೇ ಗೊತ್ತಾಗಿದ್ದು, ಅದಕ್ಕೆ ಥ್ಯಾಂಕ್ಸ್. ಆದ್ರೆ ಆ ಲೇಖನಗಳೆಲ್ಲ ಏರ್‌ಪೋರ್ಟ್‌ನಲ್ಲಿ ಟಾಟಾ ಮಾಡೋ ಹೊತ್ತಿಗೆ ಮುಗಿದುಹೋಗುತ್ವೆ. ಇಳಿದ ಮೇಲಿನ ಮೊದಲ ಮೂವತ್ತು ದಿನ ಹೇಗಿರುತ್ತೆ ಅಂತ ಯಾರೂ ಬರೀಲಿಲ್ಲ, ಕನ್ಸಲ್ಟೆನ್ಸಿಯವರೂ ಹೇಳ್ಲಿಲ್ಲ, ಅದಕ್ಕೇ ಈ ಪತ್ರ.

ನಾನು ಅರಸೀಕೆರೆ ಕಡೆಯವಳು, ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಓದ್ತಾ ಇದೀನಿ. ಬಂದಿಳಿದಿದ್ದು 2025ರ ಸೆಪ್ಟೆಂಬರ್ 27, ಶನಿವಾರ ಸಂಜೆ. ಇಲ್ಲಿನ ಮೇನ್ ರೈಲ್ವೆ ಸ್ಟೇಷನ್‌ನ 2010ರಿಂದ ಒಡೆದು ಕಟ್ತಾನೇ ಇದಾರೆ, ಪ್ಲಾಟ್‌ಫಾರ್ಮ್‌ನಿಂದ ಹೊರಗೆ ಬರೋಕೆ ತಗಡಿನ ಗೋಡೆ ಪಕ್ಕದಲ್ಲಿ ಸುತ್ತಿ ಸುತ್ತಿ ನಡೀಬೇಕು, 23 ಕೆಜಿಯ ಎರಡು ಸೂಟ್‌ಕೇಸ್ ಎಳ್ಕೊಂಡು ನಡೆದು ನಡೆದು ಕೈ ಬಾತುಹೋಯ್ತು. ಮಾರನೇ ದಿನ ಭಾನುವಾರ, ಅಂಗಡಿಗಳೆಲ್ಲ ಬಂದ್. ಭಾನುವಾರ ಈ ದೇಶದಲ್ಲಿ ಸೂಪರ್ ಮಾರ್ಕೆಟ್ ತೆಗೆಯೋದೇ ಇಲ್ಲ, ಒಂದು ಹಾಲಿನ ಪ್ಯಾಕೆಟ್ ಬೇಕಂದ್ರೂ ರೈಲ್ವೆ ಸ್ಟೇಷನ್‌ಗೇ ಹೋಗ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ. ಅಮ್ಮ ಕಟ್ಟಿಕೊಟ್ಟ ಚಪಾತಿ, ಕಡಲೆಬೀಜದ ಚಟ್ನಿಪುಡಿ ಇತ್ತು, ದಿನ ಕಳೀತು.

ನಿಜವಾದ ಕಷ್ಟ ಮನೇದು. ವಿದ್ಯಾರ್ಥಿ ಹಾಸ್ಟೆಲ್‌ಗೆ ಜೂನ್‌ನಲ್ಲೇ ಅರ್ಜಿ ಹಾಕಿದ್ದೆ, ವೇಟಿಂಗ್ ಲಿಸ್ಟ್. ಸೆಪ್ಟೆಂಬರ್ ಕೊನೇಲಿ ಈ ಊರಿನ ಬಾಡ್ ಕಾನ್‌ಸ್ಟಾಟ್ ಅನ್ನೋ ಕಡೆ ಎರಡು ವಾರಕ್ಕೂ ಮಿಕ್ಕಿ ದೊಡ್ಡ ಜಾತ್ರೆ ನಡೆಯುತ್ತೆ, 1818ರಿಂದ ಬಂದ ಜಾತ್ರೆ ಅದು, ಆಗ ಹೋಟೆಲ್ ರೂಮಿನ ರೇಟ್ ಕೇಳೋ ಹಾಗಿಲ್ಲ, ನಾವು ಸ್ಟೂಡೆಂಟ್ಸ್ ಬಂದಿಳಿಯೋದೂ ಸರಿಯಾಗಿ ಅದೇ ವಾರ. ವಾಟ್ಸಾಪ್ ಗ್ರೂಪ್‌ನಲ್ಲಿ ಪರಿಚಯ ಆದ ಕನ್ನಡದ ಒಬ್ಬ ಅಕ್ಕ, ಭಾವ ತಮ್ಮನೆ ಹಾಲ್‌ನ ಸೋಫಾ ಮೇಲೆ ಒಂಬತ್ತು ರಾತ್ರಿ ಮಲಗೋಕೆ ಬಿಟ್ರು, ಅವರ ಋಣ ತೀರಿಸೋಕಾಗಲ್ಲ.

ನನ್ನ ಜೊತೆ ಬಂದ ಗೆಳತಿ ಒಬ್ಬಳ ಕಥೆ ಇದಕ್ಕಿಂತ ಬೇಜಾರಿನದು. ಊರಲ್ಲಿ ಇದ್ದಾಗಲೇ ಆನ್‌ಲೈನ್‌ನಲ್ಲಿ ರೂಮ್ ನೋಡಿದ್ಲು, ಫೋಟೋ ಚೆನ್ನಾಗಿತ್ತು, ಓನರ್ ಅಂತ ಹೇಳ್ಕೊಂಡವನು ನಾನೀಗ ಬೇರೆ ದೇಶದಲ್ಲಿದೀನಿ, ಅಡ್ವಾನ್ಸ್ ಹಾಕಿದ್ರೆ ಕೀ ಕೊರಿಯರ್ ಮಾಡ್ತೀನಿ ಅಂದ, ಇವಳು 900 ಯೂರೋ ಕಳಿಸಿಬಿಟ್ಲು. ಆ ಅಡ್ರೆಸ್ ಹುಡುಕ್ಕೊಂಡು ನಾವಿಬ್ರೂ ಹೋದ್ವಿ, ಕಾಲಿಂಗ್ ಬೆಲ್‌ಗಳ ಪಕ್ಕ ಇದ್ದ ಹನ್ನೊಂದು ಹೆಸರಲ್ಲಿ ಅವನ ಹೆಸರು ಇರ್ಲಿಲ್ಲ. ಅವಳು ಆ ಬೋರ್ಡ್‌ನ ಮೂರು ಸಲ ಬೆರಳಿಟ್ಟು ಓದಿದ್ಲು. ಆ 900 ಯೂರೋ ಅವರಪ್ಪ ಅಡಿಕೆ ಮಾರಿ ಬಂದ ದುಡ್ಡಲ್ಲಿ ಕೊಟ್ಟಿದ್ದು. ಮನೆ ನೋಡದೆ, ಇಲ್ಲಾ ಇಲ್ಲೇ ಇರೋ ನಂಬಿಕಸ್ತರು ಯಾರಾದ್ರೂ ಹೋಗಿ ನೋಡದೆ, ಒಂದು ಪೈಸೆನೂ ಕಳಿಸಬೇಡಿ. ಅಡ್ವಾನ್ಸ್ ಅಂತ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ ಅಂತ ಇಲ್ಲಿ ಕಾನೂನೇ ಇದೆ, ಅದೂ ಕರೆಂಟು, ಹೀಟರ್ ಎಲ್ಲಾ ಬಿಟ್ಟು ಬರೀ ಬಾಡಿಗೆ ಲೆಕ್ಕದಲ್ಲಿ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಆದ ನಮ್ಮವರಿಗೆ ಇದು ಗೊತ್ತಿರಲ್ಲ.

ಮನೆ ಯಾಕೆ ಇಷ್ಟು ಮುಖ್ಯ ಅಂದ್ರೆ, ಇಲ್ಲಿ ಅನ್‌ಮೆಲ್ಡುಂಗ್ ಅಂತ ಒಂದಿದೆ. ಮನೆಗೆ ಸೇರಿದ ಎರಡು ವಾರದೊಳಗೆ ನಗರಸಭೆ ಆಫೀಸಿಗೆ ಹೋಗಿ ಈ ವಿಳಾಸದಲ್ಲಿ ಇದೀನಿ ಅಂತ ಬರೆಸಬೇಕು, ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ಆ ಒಂದು ಚೀಟಿ ಇಲ್ಲದೆ ನಾನು ಹೋದ ಬ್ಯಾಂಕಲ್ಲಿ ಅಕೌಂಟ್ ಕೊಡ್ಲಿಲ್ಲ. ಅಕೌಂಟ್ ಇಲ್ಲದೆ ಬ್ಲಾಕ್ಡ್ ಅಕೌಂಟಿನ ದುಡ್ಡು ಬರಲ್ಲ. ವೀಸಾಗೋಸ್ಕರ 11,904 ಯೂರೋ ಮೊದಲೇ ಕಟ್ಟಿ ಬಂದಿರ್ತೀವಿ, ನಮ್ಮದೇ ದುಡ್ಡು, ಅದನ್ನ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಕೊಡ್ತಾರೆ, ಆ ಮೊದಲ ಕಂತು ನನ್ನ ಕೈಗೆ ಬಂದಿದ್ದು ನವೆಂಬರ್‌ನಲ್ಲಿ. ಅಲ್ಲೀವರೆಗೂ ಫಾರೆಕ್ಸ್ ಕಾರ್ಡ್‌ನಲ್ಲಿ ತಂದಿದ್ದ ದುಡ್ಡಲ್ಲೇ ನಡೆಸಿದ್ದು. ಜೊತೆಗೆ ಈ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರದೇಶದವರು ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ಕಟ್ಟಬೇಕು. ಜರ್ಮನೀಲಿ ಓದು ಫ್ರೀ ಅಂತ ಊರಲ್ಲಿ ಎಲ್ಲರೂ ಹೇಳ್ತಾರಲ್ಲ, ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗೆ ಬರೋರು ಇದನ್ನ ಮೊದಲೇ ತಿಳ್ಕೊಂಡಿರಲಿ. ಎರಡು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿ ಇಟ್ಕೊಂಡೇ ಬನ್ನಿ.

ಅಕ್ಟೋಬರ್‌ನಲ್ಲಿ ಯೂನಿವರ್ಸಿಟಿ ಹತ್ರ ಫೈಹಿಂಗನ್‌ನಲ್ಲಿ ಒಂದು ತಿಂಗಳ ಮಟ್ಟಿಗೆ ಒಂದು ರೂಮ್ ಸಿಕ್ತು, ಆದ್ರೆ ಕೊಟ್ಟವರು ರಿಜಿಸ್ಟರ್ ಮಾಡ್ಸೋ ಹಾಗಿಲ್ಲ ಅಂದ್ರು, ಬೇರೆ ದಾರಿ ಇರ್ಲಿಲ್ಲ, ಒಪ್ಕೊಂಡೆ. ಅಲ್ಲಿ ಗೊತ್ತಾಯ್ತು ನೋಡಿ, ಈ ದೇಶದಲ್ಲಿ ಪೋಸ್ಟ್‌ಮ್ಯಾನ್ ನೋಡೋದು ಮನೆ ನಂಬರ್ ಒಂದನ್ನೇ ಅಲ್ಲ, ಲೆಟರ್ ಬಾಕ್ಸ್ ಮೇಲೆ ಇರೋ ಹೆಸರನ್ನ. ನಮ್ಮ ಬಿಲ್ಡಿಂಗ್‌ನಲ್ಲಿ ಮನೆಗೆ ನಂಬರೇ ಇಲ್ಲ, ಹೆಸರೇ ಎಲ್ಲಾ. ಡಬ್ಬಿ ಮೇಲೆ ನಿಮ್ಮ ಹೆಸರಿಲ್ಲ ಅಂದ್ರೆ ಕಾಗದ ವಾಪಸ್. ಇಲ್ಲಿ ಇನ್ನೂ ಎಲ್ಲಾ ಕಾಗದದಲ್ಲೇ ಬರೋದು, ಟ್ಯಾಕ್ಸ್ ನಂಬರ್, ಬ್ಯಾಂಕ್ ಕಾರ್ಡ್, ಅದರ ಪಿನ್ ಬೇರೆ ಕವರಲ್ಲಿ. ನನ್ನ ಆರೋಗ್ಯ ವಿಮೆ ಕಾರ್ಡ್ ಹಾಗೇ ವಾಪಸ್ ಹೋಯ್ತು, ನಾಲ್ಕನೇ ವಾರ ಜ್ವರ ಬಂದು ಮಲಗಿದಾಗ ಕೈಯಲ್ಲಿ ಕಾರ್ಡ್ ಇರ್ಲಿಲ್ಲ, ಡಾಕ್ಟರ್ ಹತ್ರ ಹೋಗೋಕೆ ಭಯ ಆಗಿ ಶುಂಠಿ ಕಷಾಯ ಕುಡಿದು ಮೂರು ದಿನ ತಳ್ಳಿದೆ. ಆ ಮೂರು ದಿನಾನೂ ಅಮ್ಮನಿಗೆ ವಿಡಿಯೋ ಕಾಲ್ ಮಾಡ್ಲಿಲ್ಲ, ಮುಖ ನೋಡಿದ್ರೆ ಗೊತ್ತಾಗಿಬಿಡುತ್ತೆ ಅಂತ.

ಸರಿ, ಹೆಸರು ಅಂಟಿಸೋಣ ಅಂದ್ರೆ ಯಾವ ಹೆಸರು? ನಮ್ಮ ಕಡೆ ಮನೆತನದ ಹೆಸರು ಇರಲ್ಲ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಜೊತೆ ಅಪ್ಪನ ಇನಿಶಿಯಲ್, ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ನನ್ನ ಹೆಸರು, ಅಪ್ಪನ ಹೆಸರು ಎರಡನ್ನೂ ಒಂದೇ ಕಾಲಂನಲ್ಲಿ ಬರೆಸಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ವಿ. ಯಾರೂ ಬೇಡ ಅನ್ಲಿಲ್ಲ, ಇಂಡಿಯಾದಲ್ಲಿ ಅದರಿಂದ ಯಾವ ತೊಂದ್ರೆನೂ ಇಲ್ಲ. ಇಲ್ಲಿ ಸರ್‌ನೇಮ್ ಇಲ್ಲದ ಮನುಷ್ಯರನ್ನ ಕಂಪ್ಯೂಟರ್ ಒಪ್ಪಲ್ಲ. ಯೂನಿವರ್ಸಿಟಿ ಕಾರ್ಡ್‌ನಲ್ಲಿ ನನ್ನ ಹೆಸರೇ ಎರಡು ಸಲ ಬಂತು, ವಿಮೆ ಕಾಗದದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಹೆಸರಿನ ಜಾಗದಲ್ಲಿ ಒಂದು ಪ್ಲಸ್ ಗುರುತು, ಬ್ಯಾಂಕಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಯ್ತು. ಮೂರು ಕಡೆ ಮೂರು ಥರ, ಇವೆಲ್ಲ ಒಬ್ಬಳೇ ಅಂತ ಪ್ರತಿ ಕೌಂಟರ್‌ನಲ್ಲೂ ಬಾರದ ಭಾಷೇಲಿ ವಿವರಿಸಬೇಕು. ಕೊನೆಗೆ ನೋಟ್‌ಬುಕ್ ಹಾಳೆ ಕತ್ತರಿಸಿ ಮೂರು ಹೆಸರನ್ನೂ ದಪ್ಪ ಅಕ್ಷರದಲ್ಲಿ ಬರೆದು, ಮಳೆಗೆ ಅಳಿಸಿಹೋಗದೆ ಇರ್ಲಿ ಅಂತ ಮೇಲೆ ಟೇಪ್ ಹಾಕಿ ಡಬ್ಬಿಗೆ ಅಂಟಿಸಿದೆ.

ನವೆಂಬರ್‌ನಲ್ಲಿ ಬಾಡ್ ಕಾನ್‌ಸ್ಟಾಟ್‌ನಲ್ಲಿ ಒಬ್ಬ ವಯಸ್ಸಾದ ಅಜ್ಜಿಯ ಮನೆ ಮೇಲಿನ ರೂಮ್ ಸಿಕ್ತು. ಕೇಳೋಕ್ಕೂ ಮುಂಚೆ ಪತ್ರಕ್ಕೆ ಸಹಿ ಹಾಕಿ ಕೊಟ್ರು. ಅದನ್ನ ತಗೊಂಡು ರಿಜಿಸ್ಟರ್ ಮಾಡಿಸಿ ಬ್ಯಾಂಕಿಗೆ ಹೋಗಿ ಕಾಯ್ತಾ ಕೂತಿದ್ದೆ, ಒಳಗಿಂದ ಒಬ್ಬರು ಬಂದು ಫ್ರೌ ಅಂತ ಸೇರಿಸಿ ಅಪ್ಪನ ಹೆಸರು ಜೋರಾಗಿ ಕೂಗಿದ್ರು. ಫ್ರೌ ಅಂದ್ರೆ ಶ್ರೀಮತಿ ಇದ್ದ ಹಾಗೆ. ನಮ್ಮೂರಲ್ಲಿ ನಾನು ಅಪ್ಪನ ಹೆಸರನ್ನ ಬಾಯಲ್ಲಿ ಹೇಳಿದ್ದೇ ಕಡಿಮೆ. ಅದನ್ನ ಕೇಳಿದ ತಕ್ಷಣ ಬಾಗಿಲ ಕಡೆ ತಿರುಗಿ ನೋಡಿಬಿಟ್ಟೆ, ಅಪ್ಪ ಬಂದ್ರೇನೋ ಅನ್ನೋ ಹಾಗೆ. ಎದ್ದು ಕೌಂಟರ್‌ಗೆ ಹೋಗೋ ಅಷ್ಟರಲ್ಲಿ ಕಣ್ಣು ತುಂಬಿ ಬಂದಿತ್ತು.

ಅಜ್ಜಿ ಮನೇಲಿ ಕೇರ್‌ವೋಖೆ ಅಂತ ಒಂದು ಪದ್ಧತಿ, ಈ ಸೀಮೆಯಲ್ಲಿ ಹಳೇ ಕಾಲದಿಂದ ಬಂದಿದ್ದು, ವಾರಕ್ಕೊಬ್ಬರು ಮೆಟ್ಟಿಲು ಗುಡಿಸಿ ಒರೆಸಬೇಕು, ಯಾರ ಸರದಿನೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತುಹಾಕ್ತಾರೆ. ಮೊದಲನೇ ಸಲ ಆ ಹಲಗೆ ನನ್ನ ಬಾಗಿಲಿಗೆ ಬಂದ ದಿನ ತುಂಬಾ ಖುಷಿ ಆಯ್ತು. ದಿನಾ ಬಾಗಿಲಿಗೆ ನೀರು ಹಾಕಿ ಗುಡಿಸೋ ಮನೆಯಿಂದ ಬಂದವಳು, ನೆಲಮಾಳಿಗೆವರೆಗೂ ಒರೆಸಿದೆ. ಅಜ್ಜಿ ನೋಡಿ ಚಾ ಕುಡಿಯೋಕೆ ಕರೆದ್ರು, ನಿಮ್ಮ ಭಾಷೆ ಯಾವುದು ಅಂದ್ರು. ಕನ್ನಡದ ದೊಡ್ಡ ನಿಘಂಟು ಮಾಡಿದ ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡಿದ್ದು ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ, 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಹುಟ್ಟೂರು ಬ್ರಾಕನ್‌ಹೈಮ್, ಅದೂ ಇದೇ ಸೀಮೆ ಅಂತ ನಂಗೆ ಬರೋ ಅರೆಬರೆ ಜರ್ಮನ್‌ನಲ್ಲಿ ಹೇಳಿದೆ. ಅವರು ಕನ್ನಡಕ ಹಾಕ್ಕೊಂಡು ಎರಡೂ ಹೆಸರನ್ನ ಬರೆದಿಟ್ಕೊಂಡ್ರು.

ಸಂಪಾದಕರೇ, ನನ್ನ ವಿನಂತಿ ಇಷ್ಟೇ. ಮಕ್ಕಳನ್ನ ಹೊರಗೆ ಕಳಿಸೋ ತಂದೆತಾಯಿ ಓದೋ ಹಾಗೆ ಇಂಥ ವಿಷಯಾನ ನಿಮ್ಮ ಪುಟದಲ್ಲಿ ಬರೆಸಿ, ಆಗಲೇ ಬಂದು ನೆಲೆ ನಿಂತವರ ಕೈಲಿ ಬರೆಸಿ. ಲಕ್ಷಗಟ್ಟಲೆ ಫೀಸ್ ತಗೊಳ್ಳೋ ಕನ್ಸಲ್ಟೆನ್ಸಿಯವರು ಇನ್ನೇನೂ ಹೇಳದೇ ಇದ್ರೂ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇದೆಯಾ ಅಂತ ಮೊದಲ ದಿನಾನೇ ನೋಡಬೇಕು. ಇಲ್ಲ ಅಂದ್ರೆ ಯೂನಿವರ್ಸಿಟಿಗೆ ಅರ್ಜಿ ಹಾಕೋಕೆ ಮುಂಚೆನೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ, ಅಡ್ಮಿಷನ್ ಲೆಟರ್, ವೀಸಾ ಎಲ್ಲಾ ಬಂದ ಮೇಲೆ ಒಂದನ್ನ ತಿದ್ದೋಕೆ ಹೋದ್ರೆ ಎಲ್ಲವನ್ನೂ ತಿದ್ದಬೇಕಾಗುತ್ತೆ. ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನವರೂ ಈ ಒಂದು ಮಾತು ಹೇಳಿ ಕಳಿಸಿದ್ರೆ ಎಷ್ಟೋ ಮಕ್ಕಳಿಗೆ ಸಹಾಯ ಆಗುತ್ತೆ.

ಸಂಕ್ರಾಂತಿಗೆ ಮುಂಚೆ ಅಪ್ಪ ಊರಿಂದ ಒಂದು ಕವರ್ ಕಳಿಸಿದ್ರು, ಒಳಗೆ ಜೇನುಕಲ್ಲು ಸಿದ್ದೇಶ್ವರನ ವಿಭೂತಿ ಪೊಟ್ಟಣ, ಒಂದು ಫೋಟೋ. ಮೇಲೆ ಹೆಸರು ಬರೆದಿದ್ದು ಯಾವಾಗಲೂ ಬರೆಯೋ ಹಾಗೇ, ಇನಿಶಿಯಲ್ ಹಾಕಿ. ಅದು ನೇರ ನನ್ನ ಡಬ್ಬಿಗೇ ಬಂತು, ಅಪ್ಪ ಹಾಗೇ ಬರೀತಾರೆ ಅಂತ ಗೊತ್ತಿದ್ದು ನಾಲ್ಕನೇ ಚೀಟಿ ಮೊದಲೇ ಅಂಟಿಸಿದ್ದೆ.

ಇತಿ ನಿಮ್ಮ ಓದುಗಳು,
ಅರಸೀಕೆರೆಯ ಒಬ್ಬ ವಿದ್ಯಾರ್ಥಿನಿ, ಸ್ಟುಟ್‌ಗಾರ್ಟ್